ಹನ್ನೊಂದು ಸಲ ‘ಕರಾಳ ಹಾಸ್ಯ’, ಒಂದು ಸಲವೂ ನಗು ಇಲ್ಲ

ನಮಸ್ಕಾರ,

ಕೆಂಟ್ ಮಾಂಕ್‌ಮನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಕೆನಡಾದ ಕ್ರೀ ಅನ್ನುವ ಮೂಲನಿವಾಸಿ ಸಮುದಾಯದ ಚಿತ್ರಕಾರ, ಯುರೋಪಿನ ಹಳೆಯ ಉಸ್ತಾದರ ಶೈಲಿಯನ್ನೇ ಎತ್ತಿಕೊಂಡು ಬಿಳಿಯರು ಬರೆದ ಚರಿತ್ರೆಯ ಕಾಲೆಳೆಯುತ್ತಾರೆ. ಇಂಥ ವಿಷಯ ನನ್ನ ಮೇಜಿಗೆ ದಿನಾ ಬರುವುದಿಲ್ಲ.

ನೀವು ಮಾತ್ರ ಮೊದಲ ಮೂರು ಪುಟ ರೆನೆಸಾನ್ಸ್ ಪಾಠ ಮಾಡಿದ್ದೀರಿ. ಮಾಂಕ್‌ಮನ್ ಬರುವಷ್ಟರಲ್ಲಿ ಓದುಗ ಕಾಫಿಗೆ ಎದ್ದು ಹೋಗಿರುತ್ತಾನೆ. ಆ ಮೂರು ಪುಟ ತೆಗೆಯಿರಿ. ‘ಕರಾಳ ಹಾಸ್ಯ’ ಅನ್ನುವ ಮಾತು ಹನ್ನೊಂದು ಸಲ ಇದೆ, ಎಣಿಸಿದೆ. ಅದನ್ನೂ ತೆಗೆಯಿರಿ.

‘ದಿ ಡ್ಯಾಡೀಸ್’ (2016) ಬಗ್ಗೆ ನಿಮ್ಮದು ಒಂದೇ ಸಾಲು: ‘ರಾಷ್ಟ್ರನಿರ್ಮಾಣದ ಕಥನವನ್ನು ವಿಡಂಬಿಸುವ ಕೃತಿ.’ ಅಲ್ಲಿ ಏನು ಕಾಣುತ್ತದೆ ಅಂತ ಹೇಳಿ ಸ್ವಾಮಿ! ರಾಬರ್ಟ್ ಹ್ಯಾರಿಸ್ 1884ರಲ್ಲಿ ಬರೆದ ಚಿತ್ರದಿಂದ ಶುರು ಮಾಡಿ. 1864ರಲ್ಲಿ ಸೇರಿ ಕೆನಡಾ ಒಕ್ಕೂಟದ ಮಾತುಕತೆ ನಡೆಸಿದ ಗಂಡಸರು, ಕರಿಕೋಟು, ಗಡ್ಡ, ಮೇಜಿನ ತುಂಬ ಗಾಂಭೀರ್ಯ. ಮೂಲನಿವಾಸಿ ಒಬ್ಬನೂ ಇಲ್ಲ. ಮಾಂಕ್‌ಮನ್ ಆ ಗಂಡಸರನ್ನೆಲ್ಲ ಹಾಗೇ ಉಳಿಸಿಕೊಂಡು, ಅವರ ಎದುರಿಗೆ ತಾವೇ ಹಾಕುವ ವೇಷವಾದ ಮಿಸ್ ಚೀಫ್‌ಳನ್ನು ಕೂರಿಸುತ್ತಾರೆ. ಮೈಮೇಲೆ ಬಟ್ಟೆಯಿಲ್ಲ, ಕಾಲಿಗೆ ಹೈ ಹೀಲ್ಸ್. ಕೂತಿರುವುದು ಹಡ್ಸನ್ಸ್ ಬೇ ಕಂಪನಿಯ ಪಟ್ಟೆ ಕಂಬಳಿಯ ಮೇಲೆ. ತುಪ್ಪಳದ ವ್ಯಾಪಾರದಲ್ಲಿ ಮೂಲನಿವಾಸಿಗಳಿಗೆ ಸಿಗುತ್ತಿದ್ದ ಕಂಬಳಿ ಅದು. ಇಷ್ಟು ಕಣ್ಣಿಗೆ ಕಟ್ಟಿದರೆ ‘ವಿಡಂಬನೆ’ ಅನ್ನುವ ಪದ ಯಾರಿಗೆ ಬೇಕು?

ಇನ್ನೊಂದು. ಹ್ಯಾರಿಸ್‌ರ ಮೂಲ ಚಿತ್ರ 1916ರಲ್ಲಿ ಒಟ್ಟಾವಾದ ಸಂಸತ್ ಭವನಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು ಅಂತ ಕೊನೆಯ ಪುಟದ ಬ್ರಾಕೆಟ್ಟಿನಲ್ಲಿ ತುರುಕಿದ್ದೀರಿ. ಇದು ಬ್ರಾಕೆಟ್ಟಿಗೆ ಹಾಕುವ ಮಾತಾ? ಮೇಲೆ ತನ್ನಿ.

ಅನುವಾದದ ಬಗ್ಗೆ. ‘ಡ್ಯಾಡೀಸ್’ಗೆ ನೀವು ‘ಪಿತೃಗಳು’ ಅಂದಿದ್ದೀರಿ. ನನಗೆ ಪಿತೃಪಕ್ಷದ ವಡೆ ನೆನಪಾಯಿತು. ಹ್ಯಾರಿಸ್ ಚಿತ್ರದಲ್ಲಿದ್ದವರನ್ನು ಅಲ್ಲಿನ ಜನ ‘ಒಕ್ಕೂಟದ ಪಿತಾಮಹರು’ ಅನ್ನುತ್ತಾರೆ. ಮಾಂಕ್‌ಮನ್ ಆ ಪಿತಾಮಹರನ್ನು ಡ್ಯಾಡಿಗಳ ಮಟ್ಟಕ್ಕೆ ಇಳಿಸಿದ್ದಾರೆ, ತಮಾಷೆ ಇರುವುದೇ ಅಲ್ಲಿ. ‘ಡ್ಯಾಡಿಗಳು’ ಅಂತಲೇ ಇರಲಿ. ಮಿಸ್ ಚೀಫ್ ಮಾಂಕ್‌ಮನ್‌ರ ‘ಆಲ್ಟರ್ ಇಗೋ’ ಅನ್ನಲು ‘ಪರ್ಯಾಯ ಅಹಂ’ ಅನ್ನುವುದಂತೂ ದಯವಿಟ್ಟು ಬೇಡ. ಮಿಸ್ ಚೀಫ್ ಅಂದರೆ ಮಾಂಕ್‌ಮನ್ ಹಾಕುವ ವೇಷ, ಅಷ್ಟೇ. ಗಂಡೋ ಹೆಣ್ಣೋ ಅಂತ ಗೆರೆ ಎಳೆಯಲು ಬಿಡದ ವೇಷ. ಯಕ್ಷಗಾನದ ಸ್ತ್ರೀವೇಷದ ಜೊತೆ ಒಂದಿಡೀ ಪುಟದ ಹೋಲಿಕೆ ಜಾಸ್ತಿಯಾಯಿತು, ಒಂದು ಸಾಲು ಸಾಕು. ‘ಮಿಸ್ ಚೀಫ್’ ಅನ್ನುವ ಹೆಸರನ್ನು ಬೇಗ ಹೇಳಿದರೆ ಇಂಗ್ಲಿಷಿನ ‘ಮಿಸ್ಚಿಫ್’, ಅಂದರೆ ‘ಕಿತಾಪತಿ’ ಅಂತ ಕೇಳುತ್ತದೆ. ಇದನ್ನು ನೀವು ಹೇಳಿಯೇ ಇಲ್ಲ!

ನ್ಯೂಯಾರ್ಕಿನ ಮೆಟ್ ಮ್ಯೂಸಿಯಂಗೆ 2019ರಲ್ಲಿ ಬರೆದ ಎರಡು ಭಾರಿ ಚಿತ್ರಗಳ ಭಾಗ ಚೆನ್ನಾಗಿದೆ. ದೋಣಿಯಲ್ಲಿ ಜಾರ್ಜ್ ವಾಷಿಂಗ್ಟನ್ ನಿಂತಿರುವ ಲಾಯಿಟ್ಸನ 1851ರ ಚಿತ್ರವೂ ಅದೇ ಮ್ಯೂಸಿಯಂನಲ್ಲಿದೆ. ಮಾಂಕ್‌ಮನ್‌ರ ದೋಣಿಯಲ್ಲಿ ವಾಷಿಂಗ್ಟನ್ ಜಾಗಕ್ಕೆ ಮಿಸ್ ಚೀಫ್ ಬಂದಿದ್ದಾಳೆ ಅಂತ ಎರಡೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ಭಾಗ ಮುಟ್ಟಬೇಡಿ.

ನನಗೆ ನಿಜಕ್ಕೂ ಬೇಸರವಾಗಿದ್ದು ‘ದಿ ಸ್ಕ್ರೀಮ್’ (2017) ಓದುವಾಗ. ಅದನ್ನೂ ‘ಕರಾಳ ಹಾಸ್ಯ’ದ ಪಟ್ಟಿಗೆ ಸೇರಿಸಿಬಿಟ್ಟಿದ್ದೀರಿ. ಕೆಂಪು ಕೋಟಿನ ಪೊಲೀಸರು, ಪಾದ್ರಿಗಳು, ಸನ್ಯಾಸಿನಿಯರು ಮಕ್ಕಳನ್ನು ಮನೆಯವರಿಂದ ಕಿತ್ತುಕೊಂಡು ಹೋಗುತ್ತಿದ್ದಾರೆ. ಮೂಲನಿವಾಸಿ ಮಕ್ಕಳಿಂದ ಅವರ ಭಾಷೆ, ಸಂಸ್ಕೃತಿ ಬಿಡಿಸಲೆಂದೇ ಸರ್ಕಾರ ಮತ್ತು ಚರ್ಚುಗಳು ನಡೆಸಿದ ಕೆನಡಾದ ವಸತಿ ಶಾಲೆಗಳ ಪಾಲಾದ ಮಕ್ಕಳು 1,50,000ಕ್ಕೂ ಹೆಚ್ಚು. ಚಿತ್ರವನ್ನು ಇನ್ನೊಮ್ಮೆ ನೋಡಿ. ಮಿಸ್ ಚೀಫ್ ಎಲ್ಲಿದ್ದಾಳೆ? ಇಲ್ಲ. ಬೇರೆಲ್ಲ ಕಡೆ ಹೀಲ್ಸ್ ಹಾಕಿಕೊಂಡು ಮೆರೆಯುವವಳು ಇಲ್ಲಿಗೆ ಬಂದೇ ಇಲ್ಲ. ನನಗೆ ಕೇಳಿದರೆ ನಿಮ್ಮ ಲೇಖನ ಹೋಗಬೇಕಾಗಿದ್ದು ಈ ಖಾಲಿ ಜಾಗದ ಕಡೆಗೆ.

ಎಂಟುನೂರು ಪದದೊಳಗೆ ಬರೆಯಿರಿ. ‘ಡ್ಯಾಡಿಗಳ’ ಮೇಜಿನಿಂದ ಶುರುವಾಗಲಿ, ‘ಸ್ಕ್ರೀಮ್’ನ ಅಂಗಳದಲ್ಲಿ ನಿಲ್ಲಲಿ. ಚಿತ್ರ ಅಚ್ಚು ಹಾಕುವ ಅನುಮತಿ ನಾವು ನೋಡಿಕೊಳ್ಳುತ್ತೇವೆ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ