ಅಣು ವಿದ್ಯುತ್ ಸ್ಥಾವರದ ತುರ್ತು ವಿದ್ಯುತ್ತಿಗೆ ಸೌರಶಕ್ತಿ ಸಾಕಾಗುತ್ತದೆಯೇ?

ಕೈಗಾದಂತಹ ಅಣು ವಿದ್ಯುತ್ ಸ್ಥಾವರದಲ್ಲಿ ಡೀಸೆಲ್ ಜನರೇಟರುಗಳ ಬದಲು ಸೌರಫಲಕಗಳನ್ನೇ ತುರ್ತು ವ್ಯವಸ್ಥೆಯಾಗಿ ಇಡಬಾರದೇಕೆ ಎಂದು ಕೇಳಿದ್ದೀರಿ. ಬದಲಿಗೆ ಬೇಡ, ಜೊತೆಗೆ ಇರಲಿ, ಅದೂ ಒಂದು ಸಣ್ಣ ಕೆಲಸಕ್ಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ರಿಯಾಕ್ಟರನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಶಾಖ ನಿಲ್ಲುವುದಿಲ್ಲ. ವಿದಳನ, ಅಂದರೆ ಪರಮಾಣುಗಳ ಒಡೆತ, ನಿಂತ ಕ್ಷಣದಲ್ಲಿಯೂ ಇಂಧನದೊಳಗಿನ ವಿಕಿರಣಶೀಲ ಪದಾರ್ಥಗಳ ಕ್ಷಯದಿಂದ ಪೂರ್ಣ ಉಷ್ಣಶಕ್ತಿಯ ಶೇ. 6ರಿಂದ 7ರಷ್ಟು ಹೊಮ್ಮುತ್ತಿರುತ್ತದೆ. ಒಂದು ಗಂಟೆಯ ಬಳಿಕ ಅದು ಶೇ. 1.5ರ ಆಸುಪಾಸಿಗೆ, ಒಂದು ದಿನದ ಬಳಿಕ ಶೇ. 0.5ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ವಿದ್ಯುತ್ ಪಂಪುಗಳಿಂದ ನೀರು ಹಾಯಿಸಿ ತಂಪುಗೊಳಿಸುವ ಅಗತ್ಯ ಅತಿ ಹೆಚ್ಚಾಗಿರುವುದು ಮೊದಲ ಗಂಟೆಗಳಲ್ಲಿ, ಮತ್ತು ಗ್ರಿಡ್ ಕೈಕೊಡುವ ಆ ಗಂಟೆ ಜುಲೈ ತಿಂಗಳ ನಡುರಾತ್ರಿಯೂ ಆಗಿರಬಹುದು. ಕದ್ರಾ ಜಲಾಶಯದ ದಂಡೆಯ ಆ ಕಾಡುಸೀಮೆಯಲ್ಲಿ ಮಳೆಗಾಲದ ಹಗಲನ್ನೂ ನೆಚ್ಚಿಕೊಳ್ಳುವಂತಿಲ್ಲ. ಒಂದು ಮೆಗಾವಾಟ್ ಸಾಮರ್ಥ್ಯದ ಫಲಕಗಳಿಗೆ ನಾಲ್ಕೈದು ಎಕರೆ ಜಾಗ ಬೇಕು. ಸಾಲದ್ದಕ್ಕೆ, ಸಾಮಾನ್ಯ ಸೌರ ಇನ್ವರ್ಟರುಗಳು ಗ್ರಿಡ್ ಹೋದೊಡನೆ ತಾವೂ ನಿಂತುಬಿಡುತ್ತವೆ. ಬ್ಯಾಟರಿಯಿಲ್ಲದೆ ಮನೆಯ ಚಾವಣಿಗೆ ಫಲಕ ಹಾಕಿಸಿದವರಿಗೆ ಇದು ಚೆನ್ನಾಗಿ ಗೊತ್ತು.

ಡೀಸೆಲ್ ಜನರೇಟರುಗಳನ್ನೇ ಪೂರ್ತಿ ನಂಬಬೇಕೆಂದು ಇದರರ್ಥವಲ್ಲ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು, ಬೆಂಕಿ ಹೊತ್ತಿ, ಕೇಬಲುಗಳು ಸುಟ್ಟುಹೋದದ್ದರಿಂದ ಸ್ಥಾವರವು ಸುಮಾರು 17 ಗಂಟೆ ವಿದ್ಯುತ್ತಿಲ್ಲದೆ ಇತ್ತು. ಅಂದು ಕಾಪಾಡಿದ್ದು ಡೀಸೆಲ್ ಎಂಜಿನ್ನಿನಿಂದ ನೇರವಾಗಿ ಓಡುವ ಅಗ್ನಿಶಾಮಕ ಪಂಪುಗಳು. ಸಿಬ್ಬಂದಿ ಅವುಗಳಿಂದಲೇ, ರಿಯಾಕ್ಟರಿನ ಶಾಖದಿಂದ ನೀರನ್ನು ಹಬೆಯಾಗಿಸುವ ಸ್ಟೀಮ್ ಜನರೇಟರುಗಳಿಗೆ ನೀರು ಹಾಯಿಸಿದರು. ಅದೇ ಕೇಬಲುಗಳ ಇನ್ನೊಂದು ತುದಿಯಲ್ಲಿ ಎಷ್ಟೇ ಸೌರಫಲಕಗಳಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಒಂದೇ ಅವಘಡಕ್ಕೆ ಎಲ್ಲ ಮೂಲಗಳೂ ಒಟ್ಟಿಗೆ ಬಲಿಯಾಗದಂತೆ ಅವುಗಳನ್ನೂ ಅವುಗಳ ತಂತಿಗಳನ್ನೂ ದೂರ ದೂರ ಇಡುವುದೇ ಇಲ್ಲಿ ಹೆಚ್ಚು ಮುಖ್ಯ.

ಸೌರಶಕ್ತಿಗೆ ನಿಜವಾದ ಜಾಗ ಕಾಣಿಸುವುದು ಫುಕುಶಿಮಾದ ಘಟನೆಯಲ್ಲಿ. 2011ರ ಮಾರ್ಚ್ 11ರಂದು ಭೂಕಂಪದಿಂದ ಗ್ರಿಡ್ ಸಂಪರ್ಕ ಕಡಿದಾಗ ಡೀಸೆಲ್ ಜನರೇಟರುಗಳು ಸರಿಯಾಗಿಯೇ ಚಾಲೂ ಆದವು. ಸುಮಾರು 50 ನಿಮಿಷಗಳ ಬಳಿಕ ಬಂದ ಸುನಾಮಿ ಅವುಗಳಲ್ಲಿ ಬಹುಪಾಲನ್ನೂ, 1 ಮತ್ತು 2ನೇ ಘಟಕಗಳ ಬ್ಯಾಟರಿ ವ್ಯವಸ್ಥೆಯನ್ನೂ ಮುಳುಗಿಸಿತು. ನೀರಿನ ಮಟ್ಟ ಎಷ್ಟಿದೆ, ಒತ್ತಡ ಎಷ್ಟಿದೆ ಎಂದು ತಿಳಿಯಲು ಸಿಬ್ಬಂದಿ ಕಾರುಗಳ ಬ್ಯಾಟರಿಗಳನ್ನು ಕಿತ್ತು ತಂದು ಮಾಪಕಗಳಿಗೆ ಜೋಡಿಸಬೇಕಾಯಿತು. ಮಾಪಕ, ದೀಪ, ಸಂಪರ್ಕ ಸಾಧನಗಳಿಗೆ ಬೇಕಾಗುವುದು ಪಂಪುಗಳಿಗೆ ಹೋಲಿಸಿದರೆ ತೀರಾ ಅಲ್ಪ ವಿದ್ಯುತ್ತು. ಎತ್ತರದ ಜಾಗದಲ್ಲಿ, ಭೂಕಂಪ ತಡೆಯುವಂತೆ ಕಟ್ಟಿದ ಪ್ರತ್ಯೇಕ ಬ್ಯಾಟರಿಗಳನ್ನು ಸಣ್ಣದೊಂದು ಸೌರ ವ್ಯವಸ್ಥೆ ದಿನಗಟ್ಟಲೆ ಜೀವಂತವಾಗಿಡಬಲ್ಲದು. ಅದಕ್ಕೆ ಇಂಧನದ ಲಾರಿ ಬರಬೇಕೆಂದಿಲ್ಲ.

ಪಂಪುಗಳ ವಿಷಯಕ್ಕೆ ಬಂದರೆ, ಹಣವನ್ನು ನಾನು ಬೇರೆಡೆ ಹಾಕುತ್ತೇನೆ. ಗುಜರಾತಿನ ಕಾಕ್ರಾಪಾರ ಅಣು ಸ್ಥಾವರದ 700 ಮೆಗಾವಾಟ್ ಘಟಕಗಳಲ್ಲಿ ಪಂಪಿನ ಹಂಗಿಲ್ಲದೆ, ಗುರುತ್ವ ಮತ್ತು ಸಹಜ ಪರಿಚಲನೆಯಿಂದಲೇ ಉಳಿಕೆ ಶಾಖವನ್ನು ಹೊರಹಾಕುವ ವ್ಯವಸ್ಥೆಯಿದೆ. ಕೈಗಾದ 5 ಮತ್ತು 6ನೇ ಘಟಕಗಳಿಗೂ ಅದೇ ವಿನ್ಯಾಸ.