ಪ್ರತಿ: ಸಹೋದ್ಯೋಗಿ ಗನ್ ತರ್ತೀನಿ ಅಂತಾನೆ, ಪೊಲೀಸರು ಕೇಸ್ ತಗೊಳ್ತಿಲ್ಲ (ಕ್ಯಾಲಿಫೋರ್ನಿಯಾ)
ನೀವು ಕ್ರಿಮಿನಲ್ ದೂರು ಅಂತ ಕೊಟ್ಟಿದ್ದಕ್ಕೇ ಬಹುಶಃ ಪೊಲೀಸರು ‘ಅಪರಾಧ ನಡೆದಿಲ್ಲ’ ಅಂದಿದ್ದಾರೆ. ನಿಮಗೆ ಬೇಕಿರೋದು ಗನ್ ವಯಲೆನ್ಸ್ ರಿಸ್ಟ್ರೇನಿಂಗ್ ಆರ್ಡರ್, ಅಂದರೆ ಅಪಾಯಕಾರಿ ಅನ್ನಿಸಿದವರು ಗನ್ ಇಟ್ಟುಕೊಳ್ಳದಂತೆ, ಕೊಳ್ಳದಂತೆ ತಡೆಯೋ ಕೋರ್ಟ್ ಆದೇಶ. 2020ರ ಸೆಪ್ಟೆಂಬರ್‌ನಿಂದ ಸಹೋದ್ಯೋಗಿಗಳೂ ಕೇಳಬಹುದು. (2021ರಲ್ಲಿ ಸ್ಯಾನ್ ಹೋಸೆ ರೈಲ್ ಯಾರ್ಡ್‌ನಲ್ಲಿ ನೌಕರನೊಬ್ಬ 9 ಜನರನ್ನು ಕೊಂದಾಗಲೂ ಈ ಕಾನೂನಿತ್ತು. ಗನ್ ಬೇಕೋ ಬೇಡವೋ ಅನ್ನೋ ಜಗಳದಲ್ಲಿ ಇದು ಎಷ್ಟೋ ಜನರ ಕಿವಿಗೇ ಬೀಳಲಿಲ್ಲ.)

ಮೊದಲು ಅವನಂದದ್ದನ್ನು ಅವನ ಮಾತಲ್ಲೇ, ದಿನ, ಜಾಗ, ಪಕ್ಕದಲ್ಲಿದ್ದವರ ಹೆಸರಿನ ಸಮೇತ ಬರೆದಿಡಿ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಎಚ್‌ಆರ್‌ಗೆ ಈಮೇಲ್, ಬಾಯಿಮಾತು ಬೇಡ. ನೀವೇ ಅರ್ಜಿ ಹಾಕೋಕೆ ಅವನ ಜೊತೆ ವರ್ಷದ ಒಡನಾಟ, ಕಂಪನಿಯ ಒಪ್ಪಿಗೆ ಎರಡೂ ಬೇಕು. ಕಂಪನಿಯೇ ಹಾಕಿದರೆ ಇನ್ನೂ ಒಳ್ಳೇದು. ಫಾರಂ ಜಿವಿ-100, ಶುಲ್ಕವಿಲ್ಲ. ಜಡ್ಜ್ ಒಪ್ಪೇ ಒಪ್ತಾರೆ ಅನ್ನೋಕಾಗಲ್ಲ, ಪುರಾವೆ ಮೇಲಿದೆ.

ಅವನು ‘ನಾಳೆ ನೋಡ್ಕೋತೀನಿ’ ಅಂತ ಬೆದರಿಸಿದರೆ ಮಾತ್ರ ಫಾರಂ ಬಿಟ್ಟು ನೇರ 911ಗೆ (ತುರ್ತು ನಂಬರ್) ಕರೆ ಮಾಡಿ.