ಪ್ರೆಸ್ ಕೊಳ್ಳುವ ಮೊದಲು ಆ ನಾಲ್ಕು ಬೋಲ್ಟ್ ನೋಡಿ

ಅಮೆರಿಕದ ಒಹಾಯೋದಿಂದ ಓದುಗರೊಬ್ಬರು ಬರೆದಿದ್ದಾರೆ: "2003ರ ಟೊಯೊಟಾ ಟಕೋಮಾ ಪಿಕಪ್, ಫೋರ್ ವೀಲ್ ಡ್ರೈವ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ. ಮುಂದಿನ ಎರಡೂ ಚಕ್ರಗಳ ಕೆಳಗಿನ ಬಾಲ್ ಜಾಯಿಂಟ್ ಸವೆದಿವೆಯಂತೆ. ಗ್ಯಾರೇಜಿನ ಕೂಲಿ ಕೇಳಿ ಗಾಬರಿಯಾಯಿತು. ನಾನೇ ಬದಲಾಯಿಸೋಣ ಅಂತಿದ್ದೇನೆ. ಕಡಿಮೆ ಬೆಲೆಯ ಬಾಲ್ ಜಾಯಿಂಟ್ ಪ್ರೆಸ್ ಯಾವುದು ಒಳ್ಳೇದು?"

ಸಂಪಾದಕರ ಉತ್ತರ:

ಯಾವುದನ್ನೂ ಕೊಳ್ಳಬೇಡಿ. ಬಾಲ್ ಜಾಯಿಂಟ್ ಅಂದರೆ ಚಕ್ರವನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಕೀಲು, ಬಟ್ಟಲೊಳಗೆ ತಿರುಗುವ ಗುಂಡು. ಅದನ್ನು ತೂತಿನಿಂದ ಒತ್ತಿ ತೆಗೆಯುವ, ಕೂರಿಸುವ ಸಾಧನ ಪ್ರೆಸ್. ನಿಮ್ಮ ಗಾಡಿಯ ಕೆಳಗಿನ ಜಾಯಿಂಟ್‌ಗೆ ಪ್ರೆಸ್ಸೇ ಬೇಡ. ಚಕ್ರ ಬಿಚ್ಚಿ ಒಳಗೆ ನೋಡಿ. ಜಾಯಿಂಟ್ ನಾಲ್ಕು ಬೋಲ್ಟ್‌ಗಳಲ್ಲಿ ನಕಲ್‌ಗೆ, ಅಂದರೆ ಚಕ್ರವನ್ನು ಹೊರುವ ಕಬ್ಬಿಣದ ತುಂಡಿಗೆ, ಕೂತಿರುತ್ತದೆ. ಬಾಕ್ಸ್ ಸ್ಪ್ಯಾನರ್, ಅದನ್ನು ತಿರುಗಿಸುವ ಉದ್ದನೆಯ ಟಾಮಿ ಸರಳು, ಸಿಕ್ಕಿಕೊಂಡದ್ದನ್ನು ಬಿಡಿಸುವ ಒಂದು ಪುಲ್ಲರ್ ಇದ್ದರೆ ಅದು ಬಿಚ್ಚುತ್ತದೆ. ಪ್ರೆಸ್ ಬೇಕಾಗುವುದು ಫೋರ್ಡ್ ಸೂಪರ್ ಡ್ಯೂಟಿಯಂಥ ದೊಡ್ಡ ಗಾಡಿಗಳಿಗೆ. ಅವುಗಳಲ್ಲಿ ಜಾಯಿಂಟನ್ನು ತೂತಿಗೆ ಒತ್ತಿ ಕೂರಿಸಿರುತ್ತಾರೆ. ನಿಮ್ಮ ಗಾಡಿಯ ಮೇಲಿನ ಜಾಯಿಂಟೂ ಹಾಗೇ. ಮುಂದೆ ಅದನ್ನು ಬದಲಾಯಿಸುವ ದಿನ ಬಂದರೆ ಆಟೋಝೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಯಲ್ಲಿ ಡೆಪಾಸಿಟ್ ಕಟ್ಟಿ ಪ್ರೆಸ್ ತನ್ನಿ. ಕೆಲಸ ಮುಗಿಸಿ ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಕೈಗೆ ಬರುತ್ತದೆ.

ಆದರೆ ಈ ಕೆಲಸವನ್ನು ಮುಂದೆ ಹಾಕಬೇಡಿ. ಬಹಳ ಗಾಡಿಗಳಲ್ಲಿ ಭಾರ ಕೆಳಗಿನ ಜಾಯಿಂಟನ್ನು ಒತ್ತುತ್ತದೆ. ಟಕೋಮಾದಲ್ಲಿ ಎಳೆಯುತ್ತದೆ. ಗುಂಡು ಸವೆದಂತೆ ಬಟ್ಟಲಿನಿಂದ ಹೊರಗೆ ಜಾರಲು ನೋಡುತ್ತದೆ. ಪೂರ್ತಿ ಕಳಚಿತೋ, ಚಕ್ರ ಮಡಚಿಕೊಂಡು ಗಾಡಿ ನೆಲಕ್ಕೆ ಕೂರುತ್ತದೆ. 2005ರಲ್ಲಿ ಟೊಯೊಟಾ ಇದೇ ಜಾಯಿಂಟ್‌ಗಾಗಿ 7 ಲಕ್ಷಕ್ಕೂ ಜಾಸ್ತಿ ಗಾಡಿಗಳನ್ನು ವಾಪಸ್ ಕರೆಸಿತ್ತು. 2001ರಿಂದ 2004ರ ಟಕೋಮಾಗಳೂ ಅದರಲ್ಲಿದ್ದವು. ನಿಮ್ಮ ಗಾಡಿಗೆ ಆಗ ಆ ಕೆಲಸ ಆಗಿದೆಯಾ ಅಂತ ಗಾಡಿಯ ಗುರುತಿನ 17 ಅಕ್ಷರದ ವಿನ್ ಸಂಖ್ಯೆ ಕೊಟ್ಟು ಡೀಲರ್ ಹತ್ತಿರ ವಿಚಾರಿಸಿ. ಆಗಿದ್ದರೂ ಅದಕ್ಕೆ ವಯಸ್ಸಾಗಿದೆ ಅಲ್ವಾ?

ಪ್ರೆಸ್ಸಿನಲ್ಲಿ ಉಳಿದ ದುಡ್ಡನ್ನು ಮೊದಲು ಜಾಯಿಂಟ್‌ಗೇ ಹಾಕಿ. ಟೊಯೊಟಾದ್ದೇ ತನ್ನಿ, ಬೋಲ್ಟ್‌ಗಳೂ ಹೊಸದಿರಲಿ. ಎಡಕ್ಕೆ ಬೇರೆ, ಬಲಕ್ಕೆ ಬೇರೆ, ನೋಡಿ ಕೇಳಿ. ಆಮೇಲೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ, ಗಟ್ಟಿಯಾದ ಒಂದು ಜೊತೆ ಜಾಕ್ ಸ್ಟ್ಯಾಂಡ್. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಹಳೆಯ ಸ್ಟ್ಯಾಂಡ್ ಯಾರಾದರೂ ಕೊಟ್ಟರೆ ಅದರ ಮಾಡೆಲ್ ನಂಬರ್ ನೋಡಿ. 2020ರಲ್ಲಿ ಹಾರ್ಬರ್ ಫ್ರೈಟ್ ಅನ್ನುವ ಸಲಕರಣೆ ಅಂಗಡಿ ತಾನು ಮಾರಿದ್ದ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿತ್ತು. ಭಾರ ಹೊತ್ತಿರುವಾಗಲೇ ಅವುಗಳ ಹಲ್ಲು ತಪ್ಪುವ ಅಪಾಯವಿತ್ತು. ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ವ್ರೆಂಚ್ ಎರವಲು ತಂದರೂ ಸಾಕು.

ಇನ್ನು ಪುಲ್ಲರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಅಗ್ಗಕ್ಕೆ ಸಿಗುವುದು ಕವಲು ಫೋರ್ಕ್. ಸಂದಿಗೆ ತೂರಿಸಿ ಸುತ್ತಿಗೆಯಲ್ಲಿ ಬಡಿದರೆ ಜಾಯಿಂಟ್ ಬಿಟ್ಟುಕೊಳ್ಳುತ್ತದೆ, ಗ್ರೀಸ್ ಹಿಡಿದಿಡುವ ರಬ್ಬರ್ ಬೂಟೂ ಹರಿಯುತ್ತದೆ. ಬಿಸಾಡುವ ಜಾಯಿಂಟ್ ಆದರೆ ಪರವಾಗಿಲ್ಲ. ಆದರೆ ನಿಮ್ಮ ಗಾಡಿಯಲ್ಲಿ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ತುದಿಯೂ ಇದೇ ಕೆಳಗಿನ ಜಾಯಿಂಟ್‌ಗೆ ಸೇರಿಕೊಂಡಿರುತ್ತದೆ. ಅದನ್ನು ಬಿಚ್ಚಿ ಮತ್ತೆ ಹಾಕಬೇಕು. ಹಾಸನದ ನನ್ನ ಹಳೇ ಜೀಪಿನ ಟೈ ರಾಡ್‌ಗೆ ನಾನೂ ಫೋರ್ಕ್ ಹಾಕಿದ್ದೆ. ಬೂಟಿನಲ್ಲಿ ಬೆರಳುಗುರಿನಷ್ಟು ಸೀಳು ಬಿಟ್ಟಿತು. ಏನಾಗುತ್ತೆ ಅಂತ ಸುಮ್ನೆ ಬಿಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗ್ರೀಸಿನ ಜಾಗದಲ್ಲಿ ಕೆಸರಿತ್ತು, ಸ್ಟೀರಿಂಗ್ ಅಲ್ಲಾಡುತ್ತಿತ್ತು. ಸ್ಕ್ರೂ ತಿರುಗಿಸಿ ಒತ್ತುವ ಪುಲ್ಲರ್ ತನ್ನಿ. ಇದೂ ಎರವಲು ಸಿಗುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ, ಆಮೇಲೆ ಪುಲ್ಲರ್‌ನ ಸ್ಕ್ರೂ ಬಿಗಿ ಮಾಡಿ. ಬಿಡದಿದ್ದರೆ ಜಾಯಿಂಟಿನ ಸ್ಟಡ್, ಅಂದರೆ ನಟ್ಟು ಕೂರುವ ಕಡ್ಡಿ, ಕೂತಿರುವ ಕಬ್ಬಿಣದ ಪಕ್ಕಕ್ಕೆ ಸುತ್ತಿಗೆಯಲ್ಲಿ ಒಂದೆರಡು ಏಟು ಕೊಡಿ. ಠಪ್ ಅಂತ ಸದ್ದು ಬಂತೋ, ಬಿಟ್ಟಿತು ಅಂತಲೇ ಅರ್ಥ.

ನಿಮ್ಮೂರಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬೋಲ್ಟ್ ತುಕ್ಕು ಹಿಡಿದಿರುವುದು ಗ್ಯಾರಂಟಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಜೋಡಿಸುವಾಗ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೇ ಬಿಗಿ ಮಾಡಿ. ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸಂದಿಗೆ ಸರಿಹೋಗದಿದ್ದರೆ ನಟ್ಟು ಸಡಿಲ ಮಾಡಬೇಡಿ, ಇನ್ನಷ್ಟು ಬಿಗಿ ಮಾಡಿ ಹೊಂದಿಸಿ. ಪಿನ್ ಮಾತ್ರ ಹೊಸದೇ ಇರಲಿ.